ಕೀಲು ನೋವಿನ ಸಪ್ಲಿಮೆಂಟ್: ಒಬ್ಬರು ಬೇಡ ಅಂತಾರೆ, ಇನ್ನೊಬ್ಬರು ತಗೊಳ್ಳಿ ಅಂತಾರೆ, ಯಾಕೆ ಹೀಗೆ?

ಮಂಡಿ ನೋವಿಗೆ ಸಪ್ಲಿಮೆಂಟ್ ತಿನ್ನುತ್ತಿರುವವರು ಆರೋಗ್ಯದ ಸುದ್ದಿಗಳನ್ನು ಸಾಲಾಗಿ ಓದಿದರೆ ತಲೆ ಕೆಡುವುದು ಸಹಜ. 2020ರ ಆರಂಭದಲ್ಲಿ ಅಮೆರಿಕದ ರುಮಟಾಲಜಿ (ಕೀಲು ರೋಗಗಳ) ವೈದ್ಯರ ಸಂಘ ಹೊಸ ಮಾರ್ಗಸೂಚಿ ಹೊರಡಿಸಿತು. ಮಂಡಿ ಮತ್ತು ಸೊಂಟದ ಕೀಲು ಸವೆತಕ್ಕೆ ಗ್ಲುಕೋಸಮೀನ್ ಎಂಬ ಸಪ್ಲಿಮೆಂಟ್ ಬೇಡ ಎಂದು ಅದು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ ಬ್ರಿಟನ್ನಿನ ಸುಮಾರು 4,95,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನ ಬಂತು. ಗ್ಲುಕೋಸಮೀನ್ ತಿನ್ನುವವರಲ್ಲಿ ಸಾವಿನ ಪ್ರಮಾಣ ಶೇ 15ರಷ್ಟು ಕಡಿಮೆ ಎಂದಿತು. ಯುರೋಪಿನ ಮೂಳೆ-ಕೀಲು ತಜ್ಞರ ಒಂದು ಗುಂಪು ಗ್ಲುಕೋಸಮೀನನ್ನು ಚಿಕಿತ್ಸೆಯ ಮೊದಲ ಹಂತದಲ್ಲೇ ಇಟ್ಟಿದೆ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2022ರಲ್ಲಿ ಮತ್ತೆ ಬೇಡ ಎಂದಿತು. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ ಅರಿಶಿನದ ಮಾತ್ರೆಗಳಿಂದ ಲಿವರ್‌ಗೆ ತೊಂದರೆ ಆಗಬಹುದು ಎಂದು ಎಚ್ಚರಿಸಿತು.

ಇವೆಲ್ಲ ನಿಜವಾದ ಸುದ್ದಿಗಳೇ. ಒಂದೊಂದನ್ನೇ ಬೇರೆಯಾಗಿ ಓದಿದಾಗ ಮಾತ್ರ ಒಂದಕ್ಕೊಂದು ಹೊಡೆದಾಡುತ್ತಿವೆ ಅನಿಸುತ್ತದೆ. ಯಾವ ಮಾತ್ರೆಯ ಬಗ್ಗೆ ಮಾತಾಡುತ್ತಿದ್ದಾರೆ, ಅದನ್ನು ಯಾವುದರ ಜೊತೆ ಹೋಲಿಸಿದ್ದಾರೆ, ಆ ದೇಶದ ಕಾನೂನು ಅದನ್ನು ಔಷಧಿ ಅನ್ನುತ್ತದೋ ಆಹಾರ ಅನ್ನುತ್ತದೋ ಎಂದು ಕೇಳುತ್ತಾ ಹೋದರೆ ಜಗಳದ ದೊಡ್ಡ ಭಾಗ ಕರಗುತ್ತದೆ.

ಲಟಲಟ ಶಬ್ದಕ್ಕೆ ಮಾತ್ರೆ ಬೇಕಾ?

ಮೊದಲು ಶಬ್ದದ ವಿಷಯ. ಎಷ್ಟೋ ಜನ ಸಪ್ಲಿಮೆಂಟ್ ಶುರು ಮಾಡುವುದೇ ನೋವಿಗಲ್ಲ, ಕೂತು ಏಳುವಾಗ ಮಂಡಿ ಲಟಲಟ ಅನ್ನುತ್ತದೆ ಎಂಬ ಹೆದರಿಕೆಗೆ.

ಕೀಲಿನೊಳಗೆ ಸ್ವಲ್ಪ ದ್ರವ ಇರುತ್ತದೆ. ಅದರಲ್ಲಿ ಗಾಳಿಯ ಅಂಶ ಕರಗಿರುತ್ತದೆ. ಬೆರಳನ್ನು ಎಳೆದಾಗ ಕೀಲಿನ ಒಳಗಿನ ಜಾಗ ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತದೆ, ಕರಗಿದ್ದ ಗಾಳಿ ಗುಳ್ಳೆಯಾಗುತ್ತದೆ. ಶಬ್ದ ಈ ಗುಳ್ಳೆಯದ್ದು ಎಂದು 1971ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಸಂಶೋಧಕರು ವಿವರಿಸಿದರು. 2015ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಎಂಆರ್‌ಐ ಯಂತ್ರದೊಳಗೇ ಬೆರಳು ಎಳೆದು, ಗುಳ್ಳೆ ಹುಟ್ಟುವುದನ್ನು ಚಿತ್ರದಲ್ಲಿ ಹಿಡಿದರು. ಶಬ್ದ ಬರುವುದು ಗುಳ್ಳೆ ಹುಟ್ಟುವಾಗಲೋ ಅರ್ಧ ಕುಸಿಯುವಾಗಲೋ ಎಂಬ ಚರ್ಚೆ ಇನ್ನೂ ಇದೆ. ಆದರೆ ಮೂಳೆಗೆ ಮೂಳೆ ಉಜ್ಜಿ ಬರುವ ಶಬ್ದ ಇದಲ್ಲ. ಒಮ್ಮೆ ನೆಟಿಕೆ ತೆಗೆದ ಬೆರಳಿನಿಂದ ಸುಮಾರು 20 ನಿಮಿಷ ಮತ್ತೆ ಶಬ್ದ ಬರದಿರುವುದಕ್ಕೂ ಇದೇ ಕಾರಣ. ಆ ಗಾಳಿ ಮತ್ತೆ ದ್ರವದಲ್ಲಿ ಕರಗಬೇಕು.

ನೆಟಿಕೆ ತೆಗೆದರೆ ಗಂಟು ನೋವು ಬರುತ್ತದೆ ಎಂದು ಹಿರಿಯರು ಬೈಯುತ್ತಾರೆ, ಅಲ್ವಾ? ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಇದನ್ನು ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಂಡರು. ಸುಮಾರು 50 ವರ್ಷ ಎಡಗೈ ಬೆರಳುಗಳ ನೆಟಿಕೆ ಮಾತ್ರ ತೆಗೆದರು, ಬಲಗೈಯನ್ನು ಬಿಟ್ಟರು. ಕೊನೆಗೆ ಎರಡೂ ಕೈಯಲ್ಲಿ ಸಂಧಿವಾತ ಇರಲಿಲ್ಲ, ಎರಡಕ್ಕೂ ವ್ಯತ್ಯಾಸವೂ ಇರಲಿಲ್ಲ. 1998ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಒಬ್ಬರ ಅನುಭವ ಪುರಾವೆಯಾಗಿ ದೊಡ್ಡದಲ್ಲ, ಆದರೂ ಹೆದರಿಕೆ ಕಡಿಮೆ ಮಾಡಲು ಸಾಕು.

ಮಂಡಿಯ ಶಬ್ದ ಸ್ವಲ್ಪ ಬೇರೆ. ಅಲ್ಲಿ ಗುಳ್ಳೆಯ ಜೊತೆಗೆ ಚಿಪ್ಪು ಜಾರುವುದು, ಸ್ನಾಯುವಿನ ತಂತು ಮೂಳೆಯ ಏಣಿನ ಮೇಲೆ ಹಾಯುವುದು ಎಲ್ಲ ಸೇರುತ್ತದೆ. ನೋವು, ಊತ, ಮಂಡಿ ಸಿಕ್ಕಿಹಾಕಿಕೊಳ್ಳುವುದು ಯಾವುದೂ ಇಲ್ಲದೆ ಬರೀ ಶಬ್ದ ಇದ್ದರೆ ಚಿಕಿತ್ಸೆ ಬೇಡ. ಒಂದು ಮಾತು ಮಾತ್ರ ಸೇರಿಸಬೇಕು. ಆಗಾಗ ಕರಕರ ಅನ್ನುವ ಮಂಡಿ ಇರುವವರಲ್ಲಿ ಮುಂದೆ ನೋವಿನ ಸವೆತ ಬರುವ ಸಾಧ್ಯತೆ ಜಾಸ್ತಿ ಎಂದು 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಹಾಗೆ ನೋವು ಬಂದವರಲ್ಲಿ ಹೆಚ್ಚಿನವರ ಎಕ್ಸ್‌ರೇಯಲ್ಲಿ ಸವೆತ ಮೊದಲೇ ಇತ್ತು. ವಯಸ್ಸಾದವರಲ್ಲಿ ಈ ಶಬ್ದ ತೊಡೆಯ ಸ್ನಾಯು ಬಲಪಡಿಸಿಕೊಳ್ಳಲು ಒಂದು ನೆನಪೋಲೆ ಅಂದುಕೊಳ್ಳಬಹುದು. ಮಾತ್ರೆ ಕೊಳ್ಳಲು ಅದು ಕಾರಣವಲ್ಲ. ಯಾವ ಸಪ್ಲಿಮೆಂಟೂ ಈ ಶಬ್ದವನ್ನು ನಿಲ್ಲಿಸುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ.

ಮಂಡಿಯ ಗ್ರೀಸ್ ಮುಗಿಯುತ್ತದೆಯೇ?

ಮಂಡಿ ನೋವಿನ ಬಗ್ಗೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಒಂದೇ: ಗ್ರೀಸ್ ಖಾಲಿಯಾಗಿದೆ. ಯಂತ್ರಕ್ಕೆ ಗ್ರೀಸ್ ಹಾಕಿದ ಹಾಗೆ ಬಾಯಿಂದ ಏನಾದರೂ ತಿಂದರೆ ಅದು ಹೋಗಿ ಮಂಡಿಯಲ್ಲಿ ತುಂಬಿಕೊಳ್ಳುತ್ತದೆ ಎಂಬ ಆಸೆ ಈ ಮಾತಿನಿಂದಲೇ ಹುಟ್ಟುತ್ತದೆ. ಸಪ್ಲಿಮೆಂಟ್ ಜಾಹೀರಾತುಗಳು ನಿಂತಿರುವುದೂ ಇದರ ಮೇಲೆಯೇ.

ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಪದರಕ್ಕೆ ಕಾರ್ಟಿಲೇಜ್ ಎನ್ನುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ನೀರು. ಉಳಿದದ್ದು ಕೊಲಾಜೆನ್ ಎಂಬ ನಾರು, ಕಾಂಡ್ರಾಯ್ಟಿನ್ ಸೇರಿರುವ ದೊಡ್ಡ ಅಣುಗಳು, ಅಲ್ಲಲ್ಲಿ ಕೆಲವು ಜೀವಕೋಶಗಳು. ಕಾಂಡ್ರಾಯ್ಟಿನ್‌ನಂಥ ಅಣುಗಳನ್ನು ಕಟ್ಟಲು ದೇಹ ಬಳಸುವ ಒಂದು ಸಣ್ಣ ಸಕ್ಕರೆ ಗ್ಲುಕೋಸಮೀನ್. ಹಾಗಾಗಿ ಇವನ್ನು ತಿಂದರೆ ಕಾರ್ಟಿಲೇಜ್ ಬೆಳೆಯಬೇಕು ಎನ್ನುವುದು ಕೇಳಲು ಸರಿಯಾಗಿಯೇ ಇದೆ.

ಆದರೆ ಎರಡು ಅಡ್ಡಿಗಳಿವೆ. ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಕೀಲನ್ನು ಮಡಚಿ ಬಿಡಿಸಿದಾಗ, ಭಾರ ಬಿದ್ದು ಎದ್ದಾಗ, ಸುತ್ತಲಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ದಿನಕ್ಕೆ 1,500 ಮಿಲಿಗ್ರಾಂ ಗ್ಲುಕೋಸಮೀನ್ ತಿಂದಾಗ ರಕ್ತದಲ್ಲಿ ಸಿಗುವ ಪ್ರಮಾಣ ತುಂಬಾ ಕಡಿಮೆ. ಪ್ರಯೋಗಾಲಯದಲ್ಲಿ ಕಾರ್ಟಿಲೇಜ್ ಕೋಶಗಳ ಮೇಲೆ ಒಳ್ಳೆಯ ಪರಿಣಾಮ ಕಂಡ ಎಷ್ಟೋ ಪ್ರಯೋಗಗಳಲ್ಲಿ ಅದರ ನೂರಾರು ಪಟ್ಟು ಬಳಸಿದ್ದರು.

ಎರಡನೆಯದು ಇನ್ನೂ ಮುಖ್ಯ. ಕಾರ್ಟಿಲೇಜ್‌ಗೆ ನರಗಳೂ ಇಲ್ಲ. ಅಂದರೆ ನೋವು ಅಲ್ಲಿಂದ ನೇರವಾಗಿ ಬರುವುದಿಲ್ಲ. ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ತಂತುಗಳಿಂದ ಬರುತ್ತದೆ. ಎಕ್ಸ್‌ರೇಯಲ್ಲಿ ಜೋರು ಸವೆತ ಇದ್ದೂ ಆರಾಮವಾಗಿ ನಡೆಯುವವರಿದ್ದಾರೆ. ಸವೆತ ಸ್ವಲ್ಪವೇ ಇದ್ದೂ ಮೆಟ್ಟಿಲು ಹತ್ತಲಾಗದವರಿದ್ದಾರೆ. ಕಾರ್ಟಿಲೇಜ್ ಬೆಳೆಸುತ್ತೇವೆ ಎಂಬ ಮಾತು ನಿಜವಾದರೂ ನೋವು ಹೋಗುತ್ತದೆ ಎಂದು ಹೇಳಲಾಗದು.

ದೊಡ್ಡ ಪರೀಕ್ಷೆ ಹೇಳಿದ್ದೇನು

ಈ ವಿವಾದದಲ್ಲಿ ಎಲ್ಲರೂ ಎತ್ತುವ ಪರೀಕ್ಷೆ ಒಂದಿದೆ. ಅಮೆರಿಕದ ಸರ್ಕಾರಿ ಹಣದಲ್ಲಿ ನಡೆದ ಇದರ ಫಲಿತಾಂಶ 2006ರಲ್ಲಿ ಬಂತು. ಮಂಡಿ ಸವೆತದ ನೋವಿದ್ದ 1,583 ಜನರನ್ನು ಐದು ಗುಂಪು ಮಾಡಿದರು. ಒಂದಕ್ಕೆ ಗ್ಲುಕೋಸಮೀನ್, ಒಂದಕ್ಕೆ ಕಾಂಡ್ರಾಯ್ಟಿನ್, ಒಂದಕ್ಕೆ ಎರಡೂ, ಒಂದಕ್ಕೆ ಸೆಲಿಕಾಕ್ಸಿಬ್ ಎಂಬ ನೋವಿನ ಮಾತ್ರೆ. ಕೊನೆಯ ಗುಂಪಿಗೆ ಖಾಲಿ ಮಾತ್ರೆ. ಅಂದರೆ ನೋಡಲು ಔಷಧಿಯಂತೆಯೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ.

24 ವಾರದ ನಂತರ ನೋವು ಕನಿಷ್ಠ ಶೇ 20ರಷ್ಟು ಇಳಿದವರು ಎಷ್ಟು ಎಂದು ಎಣಿಸಿದರು. ಗ್ಲುಕೋಸಮೀನ್ ತಿಂದವರಲ್ಲಿ ಶೇ 64. ಕಾಂಡ್ರಾಯ್ಟಿನ್ ತಿಂದವರಲ್ಲಿ ಶೇ 65.4. ಎರಡೂ ತಿಂದವರಲ್ಲಿ ಶೇ 66.6. ಇದಿಷ್ಟನ್ನೇ ಜಾಹೀರಾತಿನಲ್ಲಿ ಹಾಕಿದರೆ, ಮೂರರಲ್ಲಿ ಇಬ್ಬರಿಗೆ ಗುಣ ಎಂದು ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಖಾಲಿ ಮಾತ್ರೆ ತಿಂದವರಲ್ಲೂ ಶೇ 60.1 ಜನರಿಗೆ ನೋವು ಅಷ್ಟೇ ಇಳಿದಿತ್ತು! ನಡುವಿನ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಸೆಲಿಕಾಕ್ಸಿಬ್ ಮಾತ್ರ ಶೇ 70.1 ತಲುಪಿ ಖಾಲಿ ಮಾತ್ರೆಗಿಂತ ಮೇಲೆ ಎಂದು ಸಾಬೀತಾಯಿತು.

ಖಾಲಿ ಮಾತ್ರೆ ತಿಂದವರಿಗೆ ನೋವು ಯಾಕೆ ಇಳಿಯಿತು? ಪಕ್ಕದ ಮನೆಯವರ "ನನಗೆ ಗುಣ ಆಯ್ತು" ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎನ್ನುವುದು ಈ ಪ್ರಶ್ನೆಯ ಉತ್ತರದಲ್ಲೇ ಇದೆ. ಸವೆತದ ನೋವು ಒಂದೇ ಸಮ ಇರುವುದಿಲ್ಲ. ಕೆಲವು ವಾರ ಜೋರು, ಕೆಲವು ವಾರ ಕಡಿಮೆ. ನಾವು ಮಾತ್ರೆ ಹುಡುಕಿಕೊಂಡು ಹೋಗುವುದು ನೋವು ಜೋರಾದ ವಾರದಲ್ಲಿ. ಆಮೇಲೆ ಅದು ತಾನಾಗಿಯೇ ಇಳಿಯುತ್ತದೆ. ಇಳಿದ ಹೆಸರು ಮಾತ್ರೆಗೆ ಬರುತ್ತದೆ. ಜೊತೆಗೆ ಏನೋ ಚಿಕಿತ್ಸೆ ನಡೆಯುತ್ತಿದೆ ಎಂಬ ನಂಬಿಕೆಯೇ ನೋವಿನ ಅನುಭವವನ್ನು ತಗ್ಗಿಸುತ್ತದೆ, ಧೈರ್ಯ ಕೊಟ್ಟು ಸ್ವಲ್ಪ ಜಾಸ್ತಿ ಓಡಾಡಿಸುತ್ತದೆ. ಗುಣ ಆಯ್ತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ನೋವು ನಿಜವಾಗಿಯೂ ಇಳಿದಿರುತ್ತದೆ. ಇಳಿಸಿದ್ದು ಆ ಮಾತ್ರೆಯೇ ಎನ್ನುವುದು ಮಾತ್ರ ಅದರಿಂದ ಗೊತ್ತಾಗುವುದಿಲ್ಲ.

ಇದೇ ಪರೀಕ್ಷೆಯಲ್ಲಿ ಒಂದು ಎಳೆ ಉಳಿದುಕೊಂಡಿತು. ಮಧ್ಯಮದಿಂದ ತೀವ್ರ ನೋವು ಇದ್ದ ಸಣ್ಣ ಗುಂಪಿನಲ್ಲಿ, ಎರಡೂ ಸೇರಿಸಿ ತಿಂದವರಲ್ಲಿ ಶೇ 79.2 ಜನರಿಗೆ ಗುಣ ಕಂಡಿತ್ತು. ಅದೇ ಗುಂಪಿನಲ್ಲಿ ಖಾಲಿ ಮಾತ್ರೆಗೆ ಶೇ 54.3. ಕಂಪನಿಗಳು ಇಂದಿಗೂ ಹಿಡಿದುಕೊಂಡಿರುವುದು ಈ ಸಂಖ್ಯೆಯನ್ನೇ. ಆದರೆ ದೊಡ್ಡ ಗುಂಪನ್ನು ಚೂರು ಚೂರು ಮಾಡಿ ನೋಡಿದಾಗ ಯಾವುದೋ ಒಂದು ಚೂರಿನಲ್ಲಿ ಒಳ್ಳೆಯ ಸಂಖ್ಯೆ ಸಿಗುವುದು ಸಾಮಾನ್ಯ. ಅದನ್ನು ಇನ್ನೊಮ್ಮೆ ಪರೀಕ್ಷಿಸಬೇಕು. 2017ರಲ್ಲಿ ಪ್ರಕಟವಾದ ಸ್ಪೇನಿನ ಪರೀಕ್ಷೆಯಲ್ಲಿ, ಮಧ್ಯಮದಿಂದ ತೀವ್ರ ನೋವಿನ 164 ಜನರಲ್ಲಿ ಎರಡೂ ಸೇರಿದ ಮಾತ್ರೆಗಿಂತ ಖಾಲಿ ಮಾತ್ರೆಯವರಿಗೇ ನೋವು ಹೆಚ್ಚು ಇಳಿಯಿತು. ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು.

ಯುರೋಪಿನವರ ವಾದವನ್ನೂ ಕೇಳಬೇಕು

ಹಾಗಾದರೆ ಯುರೋಪಿನ ತಜ್ಞರ ಗುಂಪು ತಗೊಳ್ಳಿ ಎನ್ನುವುದು ಯಾವ ಆಧಾರದ ಮೇಲೆ? ಅವರ ವಾದ ತೆಗೆದುಹಾಕುವಂಥದ್ದಲ್ಲ.

ಇಟಲಿಯ ರೊಟ್ಟಾ ಎಂಬ ಕಂಪನಿ ಗ್ಲುಕೋಸಮೀನ್ ಸಲ್ಫೇಟನ್ನು ಹರಳಿನ ರೂಪದಲ್ಲಿ, ಔಷಧಿಯಾಗಿಯೇ ತಯಾರಿಸುತ್ತಿತ್ತು. ಅದನ್ನು ಬಳಸಿ 212 ಜನರ ಮೇಲೆ ಮೂರು ವರ್ಷ ನಡೆದ ಪರೀಕ್ಷೆ 2001ರಲ್ಲಿ ಪ್ರಕಟವಾಯಿತು. ನೋವೂ ಕಡಿಮೆ, ಸವೆತವೂ ನಿಧಾನ ಎಂದು ಅದು ಹೇಳಿತು. ಅಮೆರಿಕದ ದೊಡ್ಡ ಪರೀಕ್ಷೆ ಬಳಸಿದ್ದು ಹೈಡ್ರೋಕ್ಲೋರೈಡ್ ಎಂಬ ಬೇರೆ ಲವಣ. ಆದ್ದರಿಂದ ಅದರ ಸೋಲನ್ನು ನಮ್ಮ ಔಷಧಿಯ ಮೇಲೆ ಹೊರಿಸಬೇಡಿ ಎನ್ನುತ್ತಾರೆ ಇವರು. ಇನ್ನೊಂದು ಮಾತೂ ಇದೆ. ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಏರಿಕೆ ಎಲ್ಲ ಬರಬಹುದು. ಅದರ ಬದಲು ಹಾನಿ ಕಡಿಮೆ ಇರುವ ಇದನ್ನು ಕೊಟ್ಟು ನೋಡುವುದರಲ್ಲಿ ತಪ್ಪೇನು ಎನ್ನುವುದು ಅವರ ಪ್ರಶ್ನೆ.

ವಿರೋಧಿಸುವವರ ಉತ್ತರ ಹೀಗಿದೆ. ಒಳ್ಳೆಯ ಫಲಿತಾಂಶ ಬಂದ ಪರೀಕ್ಷೆಗಳಲ್ಲಿ ಬಹುಪಾಲು ಆ ಕಂಪನಿಯ ಮಾತ್ರೆ, ಆ ಕಂಪನಿಯ ಹಣ. 2010ರಲ್ಲಿ 10 ಪರೀಕ್ಷೆಗಳ 3,803 ರೋಗಿಗಳ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯಲ್ಲಿ, ರೋಗಿಗೆ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಸಿಗಲಿಲ್ಲ.

ನನಗೆ ವಿರೋಧಿಸುವವರ ಮಾತೇ ಹೆಚ್ಚು ಗಟ್ಟಿ ಅನಿಸುತ್ತದೆ. ಆದರೆ ಈ ಜಗಳದಲ್ಲಿ ಸುದ್ದಿಗಳು ಹೇಳದೆ ಬಿಡುವ ಸಂಗತಿ ಒಂದಿದೆ. ಯುರೋಪಿನ ಗುಂಪು ಕೂಡ ಶಿಫಾರಸು ಮಾಡುವುದು ಡಾಕ್ಟರ ಚೀಟಿಯ ಮೇಲೆ ಸಿಗುವ ಆ ಔಷಧಿಯನ್ನು ಮಾತ್ರ. ಅಂಗಡಿಯಲ್ಲಿ ಸಿಗುವ ಸಪ್ಲಿಮೆಂಟ್ ಅದಕ್ಕೆ ಸಮ ಅಲ್ಲ ಎಂದು ಅವರೇ ಹೇಳುತ್ತಾರೆ. ಅಂದರೆ ಡಬ್ಬಿಯಲ್ಲಿ ಬರುವ ಸಾಮಾನ್ಯ ಸಪ್ಲಿಮೆಂಟ್ ಬಗ್ಗೆ ಎರಡೂ ಕಡೆಯವರ ಅಭಿಪ್ರಾಯ ಹೆಚ್ಚು ಕಡಿಮೆ ಒಂದೇ. ಔಷಧಿಯ ಮೇಲೆ ನಡೆದ ಪರೀಕ್ಷೆಯ ಹೆಸರು ಹೇಳಿ ಆಹಾರದ ಲೈಸೆನ್ಸ್ ಇರುವ ಡಬ್ಬಿಯನ್ನು ಮಾರುತ್ತಾರೆ. ಗೊಂದಲ ಹುಟ್ಟುವುದೇ ಇಲ್ಲಿ.

ಸಾವಿನ ಪ್ರಮಾಣ ಶೇ 15 ಕಡಿಮೆ ಎಂಬ ಸುದ್ದಿ? ಅದು ಮಾತ್ರೆ ಕೊಟ್ಟು ನೋಡಿದ ಪರೀಕ್ಷೆಯಲ್ಲ. ತಾವಾಗಿಯೇ ತಿನ್ನುತ್ತಿದ್ದವರನ್ನು ತಿನ್ನದವರ ಜೊತೆ ಹೋಲಿಸಿದ್ದು. ದುಡ್ಡು ಕೊಟ್ಟು ಸಪ್ಲಿಮೆಂಟ್ ತಿನ್ನುವವರು ಸಾಮಾನ್ಯವಾಗಿ ಆರೋಗ್ಯದ ಕಡೆ ಜಾಸ್ತಿ ಗಮನ ಕೊಡುವವರು, ಹೆಚ್ಚು ಓಡಾಡುವವರು. ಲೆಕ್ಕದಲ್ಲಿ ಇದನ್ನು ಎಷ್ಟೇ ಸರಿಪಡಿಸಿದರೂ ಪೂರ್ತಿ ಕಳೆಯಲಾಗುವುದಿಲ್ಲ.

ಕೊಲಾಜೆನ್ ಪುಡಿ

ಈಗ ಹೆಚ್ಚು ಪ್ರಚಾರ ಇರುವುದು ಕೊಲಾಜೆನ್‌ಗೆ. ಇದೂ ಪ್ರೋಟೀನ್. ಹೊಟ್ಟೆಗೆ ಹೋದ ಮೇಲೆ ಬೇರೆ ಪ್ರೋಟೀನಿನಂತೆಯೇ ಒಡೆದು ಸಣ್ಣ ತುಣುಕುಗಳಾಗುತ್ತದೆ. ಆ ತುಣುಕುಗಳು ಮಂಡಿಗೇ ಹೋಗಬೇಕು ಎಂಬ ನಿಯಮ ಇಲ್ಲ. ನೋವು ಸ್ವಲ್ಪ ಇಳಿಯಿತು ಎನ್ನುವ ಪರೀಕ್ಷೆಗಳಿವೆ. ಆದರೆ ಅವು ಸಣ್ಣವು, ಬಹಳಷ್ಟಕ್ಕೆ ತಯಾರಕರದೇ ಹಣ.

ಸಸ್ಯಾಹಾರಿಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಕೊಲಾಜೆನ್ ದನ, ಹಂದಿ, ಕೋಳಿ ಅಥವಾ ಮೀನಿನಿಂದ ಬರುತ್ತದೆ. ಗಿಡದಲ್ಲಿ ಕೊಲಾಜೆನ್ ಇಲ್ಲ. ಗ್ಲುಕೋಸಮೀನ್ ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆದದ್ದು, ಶಿಲೀಂಧ್ರದಿಂದ ತಯಾರಿಸಿದ್ದೂ ಸಿಗುತ್ತದೆ. ಕಾಂಡ್ರಾಯ್ಟಿನ್ ಪ್ರಾಣಿಗಳ ಕಾರ್ಟಿಲೇಜ್‌ನಿಂದ ಬರುತ್ತದೆ. ಆಹಾರದ ಲೈಸೆನ್ಸ್ ಇರುವ ಡಬ್ಬಿಯ ಮೇಲೆ ಹಸಿರು ಅಥವಾ ಕಂದು ಗುರುತು ಇರಲೇಬೇಕು. ಔಷಧಿಯಾಗಿ ಮಾರುವ ಮಾತ್ರೆಯ ಸ್ಟ್ರಿಪ್‌ಗೆ ಈ ಗುರುತು ಕಡ್ಡಾಯವಲ್ಲ. ಮೆಡಿಕಲ್ ಶಾಪಿನಿಂದ ಇದೇ ಮಾತ್ರೆ ತಂದು ತಿನ್ನುವ ಎಷ್ಟೋ ಸಸ್ಯಾಹಾರಿಗಳಿಗೆ ಅದರ ಮೂಲವೇ ಗೊತ್ತಿರುವುದಿಲ್ಲ. ಕೇಳಿ ತಿಳಿದುಕೊಳ್ಳುವುದು ಅವರ ಹಕ್ಕು.

ಅಡುಗೆಮನೆಯ ಅರಿಶಿನ ಮಾತ್ರೆಯಾದಾಗ

ಅರಿಶಿನದ ವಿಷಯದಲ್ಲಿ ಬೆಂಗಳೂರಿಗೂ ಒಂದು ಪಾತ್ರ ಇದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶಕ್ಕೆ ಊತ ತಗ್ಗಿಸುವ ಗುಣ ಇದೆ ಎಂದು ಪ್ರಯೋಗಾಲಯದಲ್ಲಿ ಕಂಡಿತ್ತು. ಆದರೆ ತಿಂದರೆ ಅದು ರಕ್ತಕ್ಕೆ ಸೇರುವುದೇ ಕಷ್ಟ. ಲಿವರ್ ಮತ್ತು ಕರುಳು ಅದನ್ನು ಬೇಗ ಬದಲಾಯಿಸಿ ಹೊರಹಾಕುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ಮನುಷ್ಯರಲ್ಲಿ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಶೇ 2,000ದಷ್ಟು ಹೆಚ್ಚಿತು. ಇಂದು ಜಗತ್ತಿನಾದ್ಯಂತ ಅರಿಶಿನದ ಮಾತ್ರೆಗಳ ಡಬ್ಬಿ ಮೇಲೆ ಕಾಣುವ ಮೆಣಸಿನ ಹೆಸರಿಗೆ ಮೂಲ ಈ ಪ್ರಯೋಗ.

ಆದರೆ ಪೈಪರಿನ್ ಕೆಲಸ ಮಾಡುವುದೇ ಲಿವರ್ ಮತ್ತು ಕರುಳು ಹೊರಹಾಕುವ ದಾರಿಗೆ ಅಡ್ಡ ನಿಂತು. ಆ ದಾರಿ ಕರ್ಕ್ಯುಮಿನ್‌ಗಷ್ಟೇ ಅಲ್ಲ, ನಾವು ತಿನ್ನುವ ಬೇರೆ ಕೆಲವು ಔಷಧಿಗಳಿಗೂ ಅದೇ. ಜೊತೆಗೆ ಒಂದು ಮಾತ್ರೆಯಲ್ಲಿರುವ ಕರ್ಕ್ಯುಮಿನ್ ಸಾರಿನಲ್ಲಿ ಬರುವುದಕ್ಕಿಂತ ಎಷ್ಟೋ ಪಟ್ಟು. ಸಾಮಾನ್ಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಕೆಲವು ಪಾಲು ಮಾತ್ರ. ಮಾತ್ರೆಯಲ್ಲಿ ಅದನ್ನೇ ಹಿಂಡಿ ತುಂಬಿರುತ್ತಾರೆ. ತಲೆಮಾರುಗಳಿಂದ ತಿನ್ನುತ್ತಿದ್ದೇವೆ, ಏನೂ ಆಗಿಲ್ಲ ಎಂಬ ವಾದ ಅಡುಗೆಯ ಅರಿಶಿನಕ್ಕೆ ಸರಿ. ಮಾತ್ರೆಗೆ ಅದನ್ನು ಹಾಗೇ ಅಂಟಿಸಲು ಬರುವುದಿಲ್ಲ.

ಇಟಲಿಯಲ್ಲಿ 2018-19ರ ಹೊತ್ತಿಗೆ ಅರಿಶಿನದ ಸಪ್ಲಿಮೆಂಟ್ ತಿಂದವರಲ್ಲಿ ಲಿವರ್ ಊತದ ಪ್ರಕರಣಗಳು ಸಾಲಾಗಿ ಕಂಡವು. ಸರ್ಕಾರ ಲೇಬಲ್ ಮೇಲೆ ಎಚ್ಚರಿಕೆ ಕಡ್ಡಾಯ ಮಾಡಿತು. ಆಸ್ಟ್ರೇಲಿಯಾದ ಸಂಸ್ಥೆಗೆ 2023ರ ಜೂನ್ ವೇಳೆಗೆ 18 ವರದಿ ಬಂದಿದ್ದವು. ಕೋಟಿಗಟ್ಟಲೆ ಜನ ತಿನ್ನುವ ವಸ್ತುವಿಗೆ ಇದು ಅಪರೂಪವೇ. ಅಮೆರಿಕದ ಅಧ್ಯಯನವೊಂದು ಇಂಥ ರೋಗಿಗಳಲ್ಲಿ ಒಂದು ನಿರ್ದಿಷ್ಟ ವಂಶವಾಹಿ ಗುರುತು ಹೆಚ್ಚಾಗಿ ಇರುವುದನ್ನೂ ಕಂಡಿತು. ಅಂದರೆ ಎಲ್ಲರಿಗೂ ಅಪಾಯ ಅಲ್ಲ, ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳುವ ದಾರಿ ಸಾಮಾನ್ಯ ಜನರಿಗಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ವಿಪರೀತ ಸುಸ್ತು, ವಾಕರಿಕೆ ಬಂದರೆ ಮಾತ್ರೆ ನಿಲ್ಲಿಸಿ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ನೋವಿಗೆ ಇದರಿಂದ ಉಪಯೋಗ ಇದೆಯೇ? ಸಣ್ಣ, ಚಿಕ್ಕ ಅವಧಿಯ ಪರೀಕ್ಷೆಗಳಲ್ಲಿ ಸ್ವಲ್ಪ ಉಪಯೋಗ ಕಂಡಿದೆ. ಮರದ ಅಂಟಿನಿಂದ ತಯಾರಿಸುವ ಶಲ್ಲಕಿ ಮಾತ್ರೆಯ ಕತೆಯೂ ಹೀಗೇ. ಗ್ಲುಕೋಸಮೀನ್‌ಗೆ ನಡೆದಂಥ ದೊಡ್ಡ, ಕಂಪನಿ ಹಣವಿಲ್ಲದ ಪರೀಕ್ಷೆ ಇವಕ್ಕೂ ಆಗಬೇಕು.

ಭಾರತದಲ್ಲಿ ಇದು ಆಹಾರವೋ ಔಷಧಿಯೋ?

ನಮ್ಮಲ್ಲಿ ಎರಡೂ. ಒಂದೇ ಗ್ಲುಕೋಸಮೀನ್ ಔಷಧಿ ಲೈಸೆನ್ಸಿನಲ್ಲೂ ಸಿಗುತ್ತದೆ, ಆಹಾರದ ಲೈಸೆನ್ಸಿನಲ್ಲೂ ಸಿಗುತ್ತದೆ. ಔಷಧಿಯಾದರೆ 1940ರ ಔಷಧ ಕಾಯ್ದೆ, ಡ್ರಗ್ಸ್ ಇನ್‌ಸ್ಪೆಕ್ಟರ್. ಆಹಾರವಾದರೆ 2006ರ ಆಹಾರ ಸುರಕ್ಷತಾ ಕಾಯ್ದೆ, ಎಫ್‌ಎಸ್‌ಎಸ್‌ಎಐ ಎಂಬ ಕೇಂದ್ರದ ಆಹಾರ ಸಂಸ್ಥೆ. ಎರಡನೆಯದರಲ್ಲಿ ಮಾರುವ ಮೊದಲು ಈ ಡಬ್ಬಿಯಿಂದ ನೋವು ಇಳಿಯುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಬೇಕಿಲ್ಲ. ಅದಕ್ಕೇ ಡಬ್ಬಿಯ ಮೇಲೆ ಔಷಧಿಯಾಗಿ ಬಳಸಲು ಅಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿರಲೇಬೇಕು. ಮುಂದುಗಡೆ ಮಂಡಿಯ ಚಿತ್ರ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಈ ವಾಕ್ಯ. ಇಂಗ್ಲಿಷ್ ಓದಲು ಬಾರದ ಹಿರಿಯರಿಗೆ ಚಿತ್ರ ಮಾತ್ರ ಅರ್ಥವಾಗುತ್ತದೆ.

2024ರಲ್ಲಿ ಕೇಂದ್ರ ಆರೋಗ್ಯ ಕಾರ್ಯದರ್ಶಿಯ ನೇತೃತ್ವದಲ್ಲಿ ಒಂದು ಸಮಿತಿ ರಚನೆಯಾಯಿತು. ಇಂಥ ಉತ್ಪನ್ನಗಳನ್ನು ಆಹಾರ ಸಂಸ್ಥೆಯಿಂದ ಔಷಧ ನಿಯಂತ್ರಣದ ಕೆಳಗೆ ತರಬೇಕೇ ಎಂದು ನೋಡುವುದು ಅದರ ಕೆಲಸ. ತಂದರೆ ಗುಣಮಟ್ಟದ ತಪಾಸಣೆ ಬಿಗಿಯಾಗುತ್ತದೆ, ಇಷ್ಟಬಂದಂತೆ ಗುಣ ಹೇಳಿಕೊಂಡು ಮಾರುವುದು ಕಷ್ಟವಾಗುತ್ತದೆ. ಸಣ್ಣ ತಯಾರಕರಿಗೆ ಖರ್ಚು ಏರುತ್ತದೆ, ಬೆಲೆಯೂ ಏರಬಹುದು ಎನ್ನುತ್ತದೆ ಉದ್ಯಮ. ಆದರೆ ಔಷಧಿ ಲೈಸೆನ್ಸ್ ಸಿಕ್ಕಿದ ಮಾತ್ರಕ್ಕೆ ಗುಣ ಸಾಬೀತಾದಂತೆ ಆಗುವುದಿಲ್ಲ.

ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಮೆಡಿಕಲ್ ಶಾಪಿನಲ್ಲೇ ಇದೆ. ಗ್ಲುಕೋಸಮೀನ್ ಜೊತೆ ಡಯಾಸೆರಿನ್ ಎಂಬ ಕೀಲು ಸವೆತದ ಔಷಧಿ ಸೇರಿಸಿದ ಮಾತ್ರೆಗಳು ಇಲ್ಲಿ ತುಂಬಾ ಚಾಲ್ತಿಯಲ್ಲಿವೆ. ಡಯಾಸೆರಿನ್‌ನಿಂದ ಜೋರು ಭೇದಿ, ಲಿವರ್ ತೊಂದರೆ ಆಗಬಹುದು ಎಂದು ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದರ ಬಳಕೆಗೆ ಮಿತಿ ಹಾಕಿತು. 65 ದಾಟಿದವರಿಗೆ ಬೇಡ ಎಂದೂ ಹೇಳಿತು. ಕೀಲು ಸವೆತ ಹೆಚ್ಚಾಗಿ ಬರುವುದು ವಯಸ್ಸಾದವರಿಗೇ. ಮಂಡಿಗೆ ವಿಟಮಿನ್ ಮಾತ್ರೆ ತಿನ್ನುತ್ತಿದ್ದೇನೆ ಅಂದುಕೊಂಡಿರುವ ಅಜ್ಜಿಗೆ ದಿನವೂ ಹೊಟ್ಟೆ ಕೆಡುತ್ತಿದ್ದರೆ, ಮಾತ್ರೆಯ ಸ್ಟ್ರಿಪ್ ಹಿಂದೆ ಈ ಹೆಸರು ಇದೆಯೇ ಎಂದು ಮನೆಯವರು ಒಮ್ಮೆ ನೋಡಬೇಕು.

ನಷ್ಟ ಯಾರಿಗೆ

ತಿಂಗಳಿಗೆ ನೂರಾರು ರೂಪಾಯಿ ಹೋಗುವುದು ಕಣ್ಣಿಗೆ ಕಾಣುವ ನಷ್ಟ. ಅದಕ್ಕಿಂತ ದೊಡ್ಡದು ಕಳೆದುಹೋಗುವ ಸಮಯ.

ಎಲ್ಲ ಕೀಲು ನೋವೂ ಸವೆತವಲ್ಲ. ಬೆಳಗ್ಗೆ ಎದ್ದಾಗ ಕೈ ಬೆರಳುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ, ಗಂಟುಗಳು ಊದಿ ಮೆತ್ತಗಾಗಿದ್ದರೆ ಅದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ದಾಳಿ ಮಾಡುವ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಅದಕ್ಕೆ ನಿಜವಾಗಿ ಕೆಲಸ ಮಾಡುವ ಔಷಧಿಗಳಿವೆ. ಮೊದಲ ಕೆಲವು ತಿಂಗಳಲ್ಲೇ ಶುರು ಮಾಡಿದರೆ ಕೀಲು ಸೊಟ್ಟಗಾಗುವುದನ್ನು ತಡೆಯಬಹುದು. ಆ ತಿಂಗಳುಗಳು ಕೊಲಾಜೆನ್ ಪುಡಿಯಲ್ಲಿ ಕಳೆದುಹೋದರೆ ಹಾಳಾದ ಕೀಲು ಮತ್ತೆ ಸರಿಹೋಗುವುದಿಲ್ಲ. ಚಿಕುನ್‌ಗುನ್ಯಾ ನಂತರದ ಗಂಟು ನೋವು ಇನ್ನೊಂದು. 2006ರ ದೊಡ್ಡ ಹಾವಳಿಯ ಹೊತ್ತಿನಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೂ ಅದು ಪರಿಚಯವಾಯಿತು. ವೈರಸ್‌ನಿಂದ ಬಂದ ಆ ನೋವಿಗೂ ಕಾರ್ಟಿಲೇಜ್ ಸವೆತಕ್ಕೂ ಸಂಬಂಧ ಇಲ್ಲ.

ವಿಟಮಿನ್ ಡಿ ಕೊರತೆಯಿಂದ ಮೂಳೆ, ಸ್ನಾಯು ನೋಯುವುದು ನಿಜ, ಕೊರತೆ ಇದ್ದರೆ ತುಂಬಿಸಲೇಬೇಕು. ಆದರೆ ವಾರಕ್ಕೊಂದರಂತೆ ಕೆಲವು ವಾರಕ್ಕೆ ಮಾತ್ರ ಬರೆದ 60,000 ಯೂನಿಟ್‌ಗಳ ಡೋಸನ್ನು ತಿಂಗಳುಗಟ್ಟಲೆ ಮುಂದುವರಿಸಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಹೆಸರಿಲ್ಲದ ಪುಡಿ, ಗುಳಿಗೆಗಳ ಅಪಾಯ ಇನ್ನೂ ಬೇರೆ. ತಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಗಿಂತ ಅನುಮಾನ ಬರಬೇಕು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆರ್ಟ್ರಿ ಕಿಂಗ್ ಎಂಬ ಕೀಲಿನ ಸಪ್ಲಿಮೆಂಟ್ ಪರೀಕ್ಷಿಸಿದಾಗ, ಲೇಬಲ್‌ನಲ್ಲಿ ಹೇಳದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮತ್ತು ಡಿಕ್ಲೋಫಿನಾಕ್ ಎಂಬ ನೋವಿನ ಔಷಧಿ ಸಿಕ್ಕವು. ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ, ಮೂಳೆ ತೆಳುಮಾಡುತ್ತದೆ. ತುಂಬಾ ದಿನ ತಿಂದವರು ಒಮ್ಮೆಲೇ ಬಿಟ್ಟರೂ ಜೀವಕ್ಕೆ ಕುತ್ತು ಬರಬಹುದು.

ಕೆಲಸ ಮಾಡುವುದು ಯಾವುದು

ಎಲ್ಲ ಮಾರ್ಗಸೂಚಿಗಳೂ, ಗ್ಲುಕೋಸಮೀನ್ ಪರ ಇರುವವರದೂ ಸೇರಿ, ಮೊದಲು ಹೇಳುವುದು ವ್ಯಾಯಾಮ ಮತ್ತು ತೂಕ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಅಮೆರಿಕದಲ್ಲಿ ತೂಕ ಹೆಚ್ಚಿದ್ದ 454 ಜನರ ಮೇಲೆ 18 ತಿಂಗಳು ನಡೆದ ಪರೀಕ್ಷೆ 2013ರಲ್ಲಿ ಪ್ರಕಟವಾಯಿತು. ಆಹಾರ, ವ್ಯಾಯಾಮ ಎರಡನ್ನೂ ಪಾಲಿಸಿದವರಲ್ಲಿ ಶೇ 38 ಜನ ಕೊನೆಗೆ ನೋವು ಇಲ್ಲ ಅಥವಾ ತೀರಾ ಕಡಿಮೆ ಎಂದರು. ಒಂದನ್ನು ಮಾತ್ರ ಮಾಡಿದವರಲ್ಲಿ ಅದು ಶೇ 20ರ ಆಸುಪಾಸು. ವ್ಯಾಯಾಮ ಪವಾಡವಲ್ಲ, ಅದರಿಂದ ನೋವು ಇಳಿಯುವುದೂ ಸಾಧಾರಣ ಮಟ್ಟದಲ್ಲೇ. ಆದರೆ ಅದೇ ವ್ಯಾಯಾಮ ಶುಗರ್, ಬಿಪಿಗೂ ಒಳ್ಳೆಯದು. ಜಾರಿ ಬೀಳುವುದನ್ನೂ ಕಡಿಮೆ ಮಾಡುತ್ತದೆ.

ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಕೆಲವು ಸೆಕೆಂಡ್ ಹಿಡಿದು ಇಳಿಸುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಸಮತಟ್ಟಾದ ಜಾಗದಲ್ಲಿ ನಡೆಯುವುದು. ಫಿಸಿಯೋಥೆರಪಿಸ್ಟ್ ಒಮ್ಮೆ ಸರಿಯಾಗಿ ತೋರಿಸಿಕೊಟ್ಟರೆ ಮನೆಯಲ್ಲೇ ಮಾಡಬಹುದು. ಶುರುವಿನಲ್ಲಿ ಸ್ವಲ್ಪ ನೋವು ಹೆಚ್ಚಾದರೆ ಮಂಡಿ ಇನ್ನೂ ಸವೆಯುತ್ತಿದೆ ಎಂದು ಹೆದರಿ ಬಿಡುವವರು ಬಹಳ. ಕಾರ್ಟಿಲೇಜ್‌ಗೆ ಪೋಷಣೆ ಸಿಗುವುದೇ ಓಡಾಟದಿಂದ ಎನ್ನುವುದನ್ನು ಅವರಿಗೆ ಯಾರಾದರೂ ಕೂತು ಹೇಳಬೇಕು. ನಮ್ಮ ಕ್ಲಿನಿಕ್‌ಗಳ ಗಡಿಬಿಡಿಯಲ್ಲಿ ಆ ಹತ್ತು ನಿಮಿಷ ಸಿಗುವುದಿಲ್ಲ, ಮಾತ್ರೆ ಬರೆಯಲು ಒಂದು ನಿಮಿಷ ಸಾಕು. ಸಪ್ಲಿಮೆಂಟ್ ಇಷ್ಟು ಖರ್ಚಾಗುವುದಕ್ಕೆ ಇದೂ ಒಂದು ದೊಡ್ಡ ಕಾರಣ ಎಂದೇ ನನಗನಿಸುವುದು. ನೋವು ಜಾಸ್ತಿ ಇರುವ ದಿನಗಳಿಗೆ ಮಂಡಿಗೆ ಹಚ್ಚುವ ಡಿಕ್ಲೋಫಿನಾಕ್ ಜೆಲ್ ಇದೆ. ನುಂಗುವ ನೋವಿನ ಮಾತ್ರೆಗಿಂತ ಅದರ ಅಡ್ಡಪರಿಣಾಮ ಕಡಿಮೆ.

ಈಗಾಗಲೇ ಗ್ಲುಕೋಸಮೀನ್ ತಿನ್ನುತ್ತಿರುವವರು ಗಾಬರಿಯಾಗಬೇಕಿಲ್ಲ. ಹೆಚ್ಚಿನವರಿಗೆ ಅದರಿಂದ ದೊಡ್ಡ ಹಾನಿ ಇಲ್ಲ. ಶುರು ಮಾಡಿ ಮೂರು ತಿಂಗಳಾದರೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಕಂಡಿದ್ದರೂ ಒಮ್ಮೆ ಒಂದೆರಡು ತಿಂಗಳು ಬಿಟ್ಟು ನೋಡಿ, ನೋವು ಮರಳದಿದ್ದರೆ ಆ ದುಡ್ಡು ಉಳಿಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಿನ್ನುವವರು ಮಾತ್ರ ಇದನ್ನು ಮುಟ್ಟಬಾರದು, ರಕ್ತ ಹೆಪ್ಪುಗಟ್ಟದೆ ಸೋರುವ ಅಪಾಯ ಏರುತ್ತದೆ. ಸಿಗಡಿ, ಏಡಿಯ ಅಲರ್ಜಿ ಇರುವವರು, ಉಪ್ಪು ಅಥವಾ ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿರುವ ಕಿಡ್ನಿ, ಬಿಪಿ ರೋಗಿಗಳು ಕೇಳಿಯೇ ತಿನ್ನಬೇಕು. ಗ್ಲುಕೋಸಮೀನ್ ಸಲ್ಫೇಟ್ ಕೆಡದಂತೆ ಅದಕ್ಕೆ ಈ ಲವಣಗಳನ್ನೇ ಸೇರಿಸಿರುತ್ತಾರೆ. ಆಸ್ಪತ್ರೆಯಲ್ಲಿ ಯಾವ ಔಷಧಿ ತಿನ್ನುತ್ತೀರಿ ಎಂದು ಕೇಳಿದಾಗ, ಮುಖ್ಯವಾಗಿ ಆಪರೇಷನ್‌ಗೆ ಮೊದಲು, ಈ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.